ಗೌರಮ್ಮಣ್ಣಿ ಓದಿದ ಪತ್ರಿಕೆಗಳು

ಸೋಮೇಶನ ಹೊಸ ಕಂಪ್ಯೂಟರಿನ ಸಮಾರಂಭಕ್ಕೆ ಆಹ್ವಾನ ಪತ್ರಿಕೆ ಅಚ್ಚು ಹಾಕಿಕೊಟ್ಟವರು ಗುಂಡ್ಲುಪೇಟೆಯ ಗುರುಮಲ್ಲಯ್ಯನವರೇ. ಸೋಮೇಶನ ಅಂಗಡಿ ಹಾಳು ಬೀಳಲಿ ಎಂದು ದಿನವೂ ಲಿಂಗಪೂಜೆಯ ಹೊತ್ತಿನಲ್ಲಿ ಬೇಡಿಕೊಳ್ಳುತ್ತಿದ್ದವರೂ ಅವರೇ.

ಪತ್ರಿಕೆಯಲ್ಲಿ ದಿನಾಂಕವನ್ನು ಒಂದು ದಿನ ಹಿಂದಕ್ಕೆ ಹಾಕಿಬಿಟ್ಟರೆ ಹೇಗೆ, ಬಂದ ಜನ ಬಾಗಿಲ ಬೀಗ ನೋಡಿಕೊಂಡು ಬೈದುಕೊಂಡು ಹೋಗಲಿ ಎಂಬ ಯೋಚನೆ ಅವರಿಗೆ ಬಾರದೆ ಇರಲಿಲ್ಲ. ಆದರೆ ಅರ್ಧ ಆಯುಸ್ಸು ಊರವರ ಮದುವೆ, ಗೃಹಪ್ರವೇಶ, ಶಿವಗಣಾರಾಧನೆಗಳ ಪತ್ರಿಕೆ ಮಾಡಿದ ಕೈ ಅದಕ್ಕೆ ಒಪ್ಪಲಿಲ್ಲ. ಹಗೆ ತೀರಿಸುವುದಕ್ಕೂ ಒಂದು ಮಡಿ ಇರಬೇಕು ಎಂದುಕೊಂಡು, ಅಕ್ಷರ ಅಕ್ಷರವನ್ನೂ ಭೂತಗಾಜಿನಲ್ಲಿ ನೋಡಿ, ಸರಿಯಾಗಿಯೇ ಒತ್ತಿ ಕಳಿಸಿದರು.

ಭೂತಗಾಜು ಹಿಡಿಯುವ ಗತಿ ಬಂದದ್ದು ಈ ಒಂದು ವರ್ಷದಿಂದ. ಅದಕ್ಕೆ ಮುಂಚೆ ಅವರ ಕಣ್ಣಾಗಿದ್ದವಳು ಹೆಂಡತಿ ಗೌರಮ್ಮಣ್ಣಿ. ಗುರುಮಲ್ಲಯ್ಯನವರ ದೃಷ್ಟಿ ಮಂಜಾದ ಮೇಲೆ ಗಂಡಹೆಂಡಿರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪತ್ರಿಕೆ ಸಿದ್ಧವಾದ ಕೂಡಲೇ ಅವಳು ಕಂಪ್ಯೂಟರಿನ ಮುಂದೆ ಕೂತು, ಮೈಕು ಬಾಯಿಗೆ ಹಿಡಿದು, ಮೇಲಿನ 'ಪ್ರಸನ್ನ'ದಿಂದ ಕೆಳಗಿನ 'ಆಗಮನಾಭಿಲಾಷಿ'ಗಳ ತನಕ ಗಟ್ಟಿಯಾಗಿ ಓದುವಳು. ಯಂತ್ರ ಆ ದನಿಯನ್ನು ಹಿಡಿದಿಡುವುದು. ಅವಳು ಒಲೆಯ ಕಡೆಗೆ ಹೋದ ಮೇಲೆ ಇವರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳುವರು. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಸಿಕ್ಕಿಬಿಡುವುದು. ಪ್ರತಿಯೊಂದನ್ನು ಓದಿ ಮುಗಿಸಿದ ಮೇಲೂ ಅವಳು, "ಸರಿಯಾಗದೆ, ಒತ್ಕಳಿ," ಎನ್ನುವಳು. ಆ ಮಾತೂ ಯಂತ್ರದೊಳಗೆ ಸೇರಿರುತ್ತಿತ್ತು.

ಕಳೆದ ಕಾರ್ತೀಕದಲ್ಲಿ ಗೌರಮ್ಮಣ್ಣಿ ಲಿಂಗೈಕ್ಯಳಾದಳು. ಮನೆಯಲ್ಲಿ ಅವಳದೊಂದು ಫೋಟೋ ಇತ್ತು, ಮಂಜುಗಣ್ಣಿಗೆ ಅದು ಇದ್ದೂ ಇಲ್ಲದ ಹಾಗೆ. ಉಳಿದದ್ದು ದನಿ. ಬೆಳಗಿನ ಪೂಜೆ ಮುಗಿಸಿ, ಅಂಗಡಿ ತೆಗೆದು, ಗುರುಮಲ್ಲಯ್ಯನವರು ಒಂದು ಹಳೆಯ ಪತ್ರಿಕೆ ಹಾಕಿ ಕೇಳುವರು. ಯಾರೋ ಹಂಗಳದವರ ಮಗಳ ಮದುವೆ, ಯಾರೋ ಉಡಿಗಾಲದವರ ಹೊಸ ಮನೆ. ಅವರಿಗೆ ಅದೇ ಪಾರಾಯಣ. ಕೊನೆಯಲ್ಲಿ "ಸರಿಯಾಗದೆ" ಎಂದು ಕೇಳಿದ ಮೇಲೆಯೇ ದಿನ ಶುರುವಾಗುವುದು.

ಈ ವರ್ಷ ಆಯುಧಪೂಜೆ ಹತ್ತಿರ ಬಂದಾಗ ಚಾಮರಾಜನಗರದಿಂದ ಸೋಮೇಶ ಬಂದ. ಅಲ್ಲಿ ಅವನದು ಕಂಪ್ಯೂಟರು ಮಾರುವ ಅಂಗಡಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಗುರುಮಲ್ಲಯ್ಯನವರ ಹಳೆಯ ಕಂಪ್ಯೂಟರು 'ಧ್ರುವ ಏಳು' ಕೆಮ್ಮುತ್ತ ಕುಂಟುತ್ತ ಇದ್ದದ್ದು ಅವನಿಗೆ ಗೊತ್ತಿತ್ತು.

"ಕಂಪ್ನಿಯೋರು 'ಧ್ರುವ ಎಂಟು' ಬುಟ್ಟವ್ರೆ ಅಯ್ನೋರೆ. ಜಿಲ್ಲೆಗೆ ಮೊದಲ್ನೇದು ನಿಮ್ಗೇಯ. ಹಳೇದು ನಂಗೆ ಕೊಟ್ಬುಡಿ."

"ಹಳೇದ್ರಲ್ಲಿ ನಮ್ಮವಳ ದನಿ ಅದೆ ಕಣಪ್ಪ."

"ಅದ್ರೊಳಗೆ ಏನದೆಯೋ ಒಂದು ಸಾಸ್ವೆಕಾಳೂ ಬುಡದಂಗೆ ಹೊಸದಕ್ಕೆ ತುಂಬ್ಕೊಡ್ತೀನಿ. ಮಾದಪ್ಪನಾಣೆ."

ಮಾದಪ್ಪನ ಸೀಮೆಯಲ್ಲಿ ಆ ಮಾತಿನ ಮೇಲೆ ಮಾತಿಲ್ಲ. ಜಂಗಮರಾದ ಗುರುಮಲ್ಲಯ್ಯನವರು ಹಳೆಯ ಯಂತ್ರಕ್ಕೆ ಕೈ ಮುಗಿದು ಕೊಟ್ಟು ಕಳಿಸಿದರು.

ಆಯುಧಪೂಜೆಯ ದಿನ ಹೊಸದಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಬೂದುಗುಂಬಳ ಒಡೆದು, ಮೊದಲು ಅವಳ ದನಿ ಕೇಳೋಣ ಎಂದು ಕೂತರು. ಪತ್ರಿಕೆಗಳೆಲ್ಲ ಇದ್ದವು. ದನಿ ಒಂದೂ ಇರಲಿಲ್ಲ. ಹುಡುಕಿ ಹುಡುಕಿ ಸೋತು ಸೋಮೇಶನಿಗೆ ಫೋನು ಮಾಡಿದರು.

"ಓ, ಅವಾ," ಎಂದ ಸೋಮೇಶ. "ಒಂದೇ ಹೆಸ್ರಲ್ಲಿ ಎರಡೆರಡು ಇದ್ದೋ ಕಣಿ. ಜೋಡಿ ಬಿದ್ದವೆ ಅನ್ಕಂಡು ಒಂದೊಂದ್ನ ಬುಟ್ಟೆ. ಸುಮ್ನೆ ಜಾಗ ತಿಂತವೆ."

ನಿಜವೇ. ಹುಡುಕಲು ಸುಲಭವಾಗಲೆಂದು ಗೌರಮ್ಮಣ್ಣಿ ಪತ್ರಿಕೆಗೆ ಇಟ್ಟ ಹೆಸರನ್ನೇ ಅದನ್ನು ಓದಿದ ದನಿಗೂ ಇಡುತ್ತಿದ್ದಳು.

"ಹಳೇ ಡಬ್ಬ ಎಲ್ಲಪ್ಪ ಅದೆ?"

"ಬತ್ತೇರಿ ಕಡೆ ಮಲಯಾಳಿ ಒಬ್ರು ಒತ್ಕಂಡೋದ್ರು. ಕೊಡಕ್ಕೆ ಮುಂಚೆ ಒಳಗೆಲ್ಲ ಒರೆಸಿ ತೊಳೆದಂಗೆ ಮಾಡಿ ಕೊಟ್ಟಿವ್ನಿ. ನಿಮ್ದು ಒಂದಕ್ಷರನೂ ಅವ್ರಿಗೆ ಸಿಕ್ಕಕಿಲ್ಲ, ಯೋಚ್ನೆ ಮಾಡ್ಬೇಡಿ." ಮೇಲೆ ಸಮಾಧಾನವನ್ನೂ ಹೇಳಿದ. "ದನಿ ತಾನೆ ಅಯ್ನೋರೆ. ಕಾರ್ಡೆಲ್ಲ ಭದ್ರವಾಗವಲ್ಲ."

ಗುರುಮಲ್ಲಯ್ಯನವರು ಫೋನು ಇಟ್ಟರು. ದನಿ ತಾನೆ ಎಂಬ ಆ ಮಾತು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಅದನ್ನು ಕೀಳಲು ಅವರಿಗೆ ಇಷ್ಟವೂ ಇರಲಿಲ್ಲ. ಕ್ಷಮಿಸು ಎಂದು ಶಿವ ಹೇಳಬಹುದು. ಅವನ ಅರ್ಧಾಂಗಿಯನ್ನು ಯಾರೂ ಒರೆಸಿ ಮಾರಿಲ್ಲವಲ್ಲ ಎಂದು ಪೂಜೆಯಲ್ಲಿ ದೇವರೊಡನೆಯೇ ಜಗಳ ತೆಗೆದರು.

ಹೀಗಿರುವಾಗಲೇ ದೀಪಾವಳಿಗೆ ಮುಂಚೆ ಸೋಮೇಶ ಧ್ರುವ ಎಂಟಿನ ಸಮಾರಂಭವೆಂದು ಗ್ರಾಹಕರ ಸಭೆ ಗೊತ್ತುಮಾಡಿ, ಪತ್ರಿಕೆಯನ್ನು ಇವರಲ್ಲೇ ಅಚ್ಚು ಹಾಕಿಸಿದ. ಕಂಪನಿಯವರು ಮೈಸೂರಿನಿಂದ ಬರುವವರಿದ್ದರು, ಊಟದ ಏರ್ಪಾಡೂ ಇತ್ತು. ಮೊದಲ ಗಿರಾಕಿಯೂ ಜಂಗಮರೂ ಆದ ತಾವೇ ಹೊಸ ಯಂತ್ರಕ್ಕೆ ವಿಭೂತಿ ಇಡಬೇಕು ಎಂದು ಗುರುಮಲ್ಲಯ್ಯನವರನ್ನು ಕರೆದ. ಮುದುಕರು ತಣ್ಣಗಾಗಿದ್ದಾರೆ ಎಂದೇ ಅವನ ಎಣಿಕೆ. ಬರುತ್ತೇನೆ ಎಂದರು ಗುರುಮಲ್ಲಯ್ಯನವರು. ಬೆಟ್ಟದಿಂದ ತಂದಿಟ್ಟಿದ್ದ ಮಾದಪ್ಪನ ವಿಭೂತಿಯನ್ನು, ಆ ಸೀಮೆಯ ಮಾತಿನಲ್ಲಿ ಧೂಳ್ತವನ್ನು, ಮುಚ್ಚಳದ ಕರಡಿಗೆಗೆ ತುಂಬಿಕೊಂಡರು.

ಸಭೆಯ ದಿನ ಚಾಮರಾಜನಗರದ ಬಸ್ಸಿಗೆ ಉಡಿಗಾಲದಲ್ಲಿ ಪುಟ್ಟಮಾದು ಹತ್ತಿದ. ಬಾಳೆಮಂಡಿಯಲ್ಲಿ ಬಿಲ್ಲು ಹಾಕುವವನು, ಸೋಮೇಶನ ಹಳೆಯ ಗಿರಾಕಿ. ಪಕ್ಕದಲ್ಲಿ ಕೂತು, "ಅಯ್ನೋರೆ, ನಿಮ್ಮ ಹೊಸದು ಎಂಗದೆ?" ಎಂದ.

"ನೀನೇ ನೋಡ್ದೆಯಲ್ಲಪ್ಪ, ಮೊನ್ನೆ ಬಂದಾಗ."

"ನೋಡ್ದೆ ಬುಡಿ. ಹಳೇ ಎತ್ತಿನ ಕೊಂಬಿಗೆ ಬಣ್ಣ ಬಳ್ದು ಸಂತೆಗೆ ಹೊಡ್ಕಂಡು ಬಂದವ್ರೆ. ಪೆನ್‌ಡ್ರೈವ್ ಚುಚ್ಚೋ ತೂತು ಹಿಂದ್ಗಡೆ ಇತ್ತು, ಮುಂದ್ಕೆ ಬಂದದೆ. ಇದ್ಕೆ ಸಭೆ ಬೇರೆ."

ಸಭೆ ನಡೆಯುವ ಛತ್ರದಲ್ಲೂ ಅದೇ ಗುಸುಗುಸು. ಕಂಪನಿಯ ಕೋಟಿನವನು ಪರದೆಯ ಮೇಲೆ ಚಿತ್ರ ಬಿಟ್ಟು, ವೇಗ ಇಷ್ಟು ಹೆಚ್ಚು, ಸದ್ದು ಅಷ್ಟು ಕಡಿಮೆ ಎಂದು ಹೇಳುತ್ತಿದ್ದ. ಚಾಮರಾಜನಗರದಲ್ಲಿ ಟೈಪಿಂಗ್ ಶಾಲೆ ನಡೆಸುವ ಸಿಂಧು ಹಿಂದಿನ ಸಾಲಿನಲ್ಲಿ, "ನಮ್ ಹುಡುಗ್ರ ಕಣ್ಣು ಕಟ್ಟಿ ಕೂರ್ಸಿದ್ರೆ ಹಳೇದ್ಯಾವ್ದು ಹೊಸದ್ಯಾವ್ದು ಅಂತ ಒಬ್ನೂ ಹೇಳಲ್ಲ," ಎಂದಳು. ಅಕ್ಕಪಕ್ಕದವರು ನಕ್ಕರು. ಆದರೆ ಯಾರೂ ಎದ್ದು ಕೇಳಲಿಲ್ಲ. ಕರೆದಾಗ ಬಂದು ರಿಪೇರಿ ಮಾಡಿಕೊಡುವವನು ಸೋಮೇಶನೊಬ್ಬನೇ, ಮೇಲಾಗಿ ಒಗ್ಗರಣೆಯ ವಾಸನೆ ಆಗಲೇ ಬರುತ್ತಿತ್ತು.

ಈ ಅಸಮಾಧಾನವನ್ನೆಲ್ಲ ಗುರುಮಲ್ಲಯ್ಯನವರು ಕಿವಿಯಲ್ಲಿ ಕೂಡಿಟ್ಟುಕೊಂಡರು. ಒಣಗಿದ ಹುಲ್ಲು ಬೇಕಾದಷ್ಟಿದೆ, ಒಂದು ಕಿಡಿ ಸಾಕು ಎನ್ನಿಸಿತು.

ಪೂಜೆಗೆ ಕರೆದರು. ಮೇಜಿನ ಮೇಲೆ ಹೂವು ಮುಡಿದ ಧ್ರುವ ಎಂಟು. ಗುರುಮಲ್ಲಯ್ಯನವರು ವಿಭೂತಿಯನ್ನು ಯಂತ್ರಕ್ಕೆ ಇಡಲಿಲ್ಲ. ಕರಡಿಗೆಯನ್ನು ತೆರೆದು ಸೋಮೇಶನ ಮುಂದೆ ಹಿಡಿದರು.

"ಇದು ಬೆಟ್ಟದ್ದು, ಮಾದಪ್ಪಂದು. ಮುಟ್ಟಿ ಹೇಳು. ಈ ಯಂತ್ರ ಹೊಸದಾ?"

ಸಭೆ ಕತ್ತು ಮುಂದಕ್ಕೆ ಚಾಚಿತು. ಕೋಟಿನವನ ಮುಖ ಸಣ್ಣಗಾಯಿತು. ಸೋಮೇಶ ಒಮ್ಮೆ ಯಂತ್ರವನ್ನೂ ಒಮ್ಮೆ ಕರಡಿಗೆಯನ್ನೂ ನೋಡಿ, ತಲೆ ಕೆರೆದುಕೊಂಡು, ಆಮೇಲೆ ವಿಭೂತಿ ಮುಟ್ಟಿದ.

"ಪೂರ್ತಿ ಹೊಸದಲ್ಲ ಅಯ್ನೋರೆ. ವಸಿ ಹೊಸದು. ಒಳಗೆ ಬಾಳ ಏನೂ ಬದ್ಲಾಗಿಲ್ಲ. ಹಳೇದು ಚೆನ್ನಾಗಿ ಓಡ್ತಿದ್ರೆ ಇಟ್ಕಳಿ, ಕೆಟ್ಟಿದ್ರೆ ಇದನ್ನ ತಕ್ಕಳಿ. ಅಷ್ಟೇಯ."

ಪುಟ್ಟಮಾದು ದೊಡ್ಡದಾಗಿ ನಕ್ಕ. "ದಿಟ ಹೇಳ್ಬುಟ್ಟ ಕಣ್ರಪ್ಪ. ಅಂಗಡಿಯೋನ ಬಾಯಲ್ಲಿ ದಿಟ ಕೇಳಿದ್ದು ಇದೇ ಮೊದ್ಲು. ನಮ್ ಮಂಡಿಗೊಂದು ಬರ್ಕಳಪ್ಪ." ನಗು ಸಾಲಿನಿಂದ ಸಾಲಿಗೆ ಹೋಯಿತು. ಸಿಂಧು ಕೂಡ, "ನಮ್ ಶಾಲೆಗೂ ಎರಡು," ಎಂದಳು. ಕೋಟಿನವನು ಚಪ್ಪಾಳೆ ತಟ್ಟಿದ.

ಗುರುಮಲ್ಲಯ್ಯನವರ ಕೈಯಲ್ಲಿ ಕರಡಿಗೆ ಹಾಗೆಯೇ ಉಳಿಯಿತು. ಕೆಡವಲು ಹೋದವರು ಎತ್ತಿ ಕೂರಿಸಿದ್ದರು. ಬಣ್ಣ ಬಳಿದರೆಂದು ಗೊಣಗಿದ ಜನಕ್ಕೆ ಬಣ್ಣವೆಂದು ಒಪ್ಪಿಕೊಂಡರೆ ಸಾಕಾಗಿತ್ತು. ಆಗ ಅವರಿಗೆ ಹೊಳೆಯಿತು: ಯಂತ್ರದ ಹೊಸತು ಹಳತು ತಮ್ಮ ನೋವಾಗಿರಲಿಲ್ಲ. ಊರವರ ಸಣ್ಣ ಸಿಟ್ಟನ್ನು ಎರವಲು ತಂದು ತಮ್ಮ ದೊಡ್ಡ ಸಿಟ್ಟನ್ನು ತೀರಿಸಲು ಹೋಗಿದ್ದರು.

"ಕೈ ತೆಗೀಬೇಡ ಸೋಮೇಶ," ಎಂದರು. ದನಿ ಏರಲಿಲ್ಲ. "ಇನ್ನೊಂದು ಕೇಳ್ತೀನಿ. ನನ್ನ ಹಳೇ ಯಂತ್ರದಲ್ಲಿ ನನ್ನ ಹೆಂಡ್ತಿ ದನಿ ಇತ್ತು. ಸಾಸ್ವೆಕಾಳೂ ಬುಡದಂಗೆ ತುಂಬ್ಕೊಡ್ತೀನಿ ಅಂತ ಇದೇ ಮಾದಪ್ಪನಾಣೆ ಇಟ್ಟೆ. ಸತ್ತೋಳ ದನಿ ಎಲ್ಲಿ? ಮುಟ್ಟಿ ಹೇಳು."

ಸೋಮೇಶನ ಬೆರಳು ವಿಭೂತಿಯಿಂದ ಮೇಲೆದ್ದಿತು. ಬಿಸಿ ತಾಗಿದವನ ಹಾಗೆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ. ಅದನ್ನು ಇಡೀ ಸಭೆ ನೋಡಿತು.

"ಏನಪ್ಪ, ಆಣೆ ಇಟ್ಟಿದ್ದು ದಿಟವಾ?" ಎಂದ ಪುಟ್ಟಮಾದು. ಈಗ ಅವನ ದನಿಯಲ್ಲಿ ನಗುವಿರಲಿಲ್ಲ.

"ಇಟ್ಟಿದ್ದೆ ಕಣಣ್ಣ. ಜೋಡಿ ಬಿದ್ದವೆ ಅನ್ಕಂಡು..."

"ಬೆಟ್ಟದ ಧೂಳ್ತದ ಮುಂದೆ ಕೈ ಹಿಂದ್ಕೆ ತಕ್ಕಂಡ್ಯಲ್ಲ," ಎಂದು ಪುಟ್ಟಮಾದು ಹೆಗಲ ಟವೆಲು ಕೊಡವಿ ಎದ್ದ. "ನಮ್ಮ ಮಂಡೀದು ಹೊಡ್ದಾಕು. ಆಣೆ ತಪ್ಪಿದೋನ ಎಲೆ ಮೇಲೆ ನಾ ಕೈ ಇಡಕಿಲ್ಲ."

ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ಹೋಗುವಾಗ ಸಿಂಧು, "ನಂದೂ ಬೇಡ ಸೋಮೇಶಣ್ಣ," ಎಂದಷ್ಟೇ ಹೇಳಿದಳು. ಬದಲಾಗದ ಯಂತ್ರಕ್ಕೆ, ಏರದ ವೇಗಕ್ಕೆ ಕ್ಷಮೆ ಇದ್ದ ಜನರಲ್ಲಿ ಇದಕ್ಕೆ ಕ್ಷಮೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಎಲೆಗಳಿಗೆ ನೀರು ಚಿಮುಕಿಸಿ ಉಪ್ಪು, ಉಪ್ಪಿನಕಾಯಿ ಬಡಿಸಿಟ್ಟಿದ್ದರು. ಉದ್ದನೆಯ ಸಾಲಿನಲ್ಲಿ ಒಬ್ಬನೂ ಕೂರಲಿಲ್ಲ. ಬಡಿಸುವವರು ಸಾರಿನ ಬಕೆಟ್ಟು ಹಿಡಿದುಕೊಂಡೇ ನಿಂತಿದ್ದರು. ಗುರುಮಲ್ಲಯ್ಯನವರು ಬಾಗಿಲಲ್ಲಿ ನಿಂತು ಆ ಖಾಲಿ ಎಲೆಗಳನ್ನು ಕಣ್ಣು ಕಿರಿದು ಮಾಡಿಕೊಂಡು ಕೊನೆಯ ತನಕ ನೋಡಿದರು. ಎಷ್ಟೋ ದಿನದಿಂದ ಆಗದಿದ್ದ ಹಸಿವಾಯಿತು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಇಳಿದು, ತಟ್ಟೆ ಇಡ್ಲಿ ತರಿಸಿಕೊಂಡು, ಮತ್ತೊಮ್ಮೆ ಚಟ್ನಿ ಹಾಕಿಸಿಕೊಂಡು ತಿಂದರು.

ಸುದ್ದಿಗೆ ಬಸ್ಸು ಬೇಕಾಗಲಿಲ್ಲ. ದೀಪಾವಳಿಯ ವ್ಯಾಪಾರದಲ್ಲಿ ಸೋಮೇಶನ ಅಂಗಡಿಗೆ ಜನ ಹೋಗಲಿಲ್ಲ. ಯಾರಾದರೂ ಹೊಸಬರು ಹೊಸ್ತಿಲು ಹತ್ತಿದರೆ ಎದುರಿನ ಟೀ ಅಂಗಡಿಯವರೇ ಕರೆದು ಹೇಳಿ ಕಳಿಸುತ್ತಿದ್ದರು. ಪುಟ್ಟಮಾದು ಇದನ್ನೆಲ್ಲ ಬಂದು ವರದಿ ಒಪ್ಪಿಸುವನು. ಗುರುಮಲ್ಲಯ್ಯನವರು, "ಹೂಂ, ಹೇಳು," ಎಂದು ಕೇಳುವರು. ಬೆಳಗಿನ ಪಾರಾಯಣದ ಜಾಗದಲ್ಲಿ ಈಗ ಇದು ಬಂದು ಕೂತಿತ್ತು.

ಕಾರ್ತೀಕದ ಒಂದು ಬೆಳಿಗ್ಗೆ ಸೋಮೇಶ ಬಂದ. ಹೆಗಲ ಮೇಲೆ ಹಳೆಯ ಧ್ರುವ ಏಳು. ಮೇಜಿನ ಮೇಲೆ ಅದನ್ನು ಮೆಲ್ಲಗೆ ಇಳಿಸಿದ. ಹೋದ ವರ್ಷದ ಆಯುಧಪೂಜೆಯಲ್ಲಿ ಗೌರಮ್ಮಣ್ಣಿ ಇಟ್ಟ ಕುಂಕುಮದ ಕಲೆ ಮೂಲೆಯಲ್ಲಿ ಇನ್ನೂ ಇತ್ತು. ಗುರುಮಲ್ಲಯ್ಯನವರು ಬೆರಳಾಡಿಸಿ ಅದನ್ನು ಗುರುತಿಸಿದರು.

"ಬತ್ತೇರಿಗೋಗಿ ವಾಪಸ್ ಇಸ್ಕಂಡೆ. ಮೈಸೂರ್ಗೆ ಒತ್ಕಂಡೋಗಿ ತೋರ್ಸಿದೆ. ಒಳಗೆ ಏನೂ ಉಳಿದಿಲ್ಲ ಅಂದ್ರು," ಎಂದ ಸೋಮೇಶ. ಹಣೆ ಬರಿದಾಗಿತ್ತು. "ತಪ್ಪಾಯ್ತು ಅಯ್ನೋರೆ. ನಿಮ್ಮ ಕೈಯಾರೆ ವಿಭೂತಿ ಹಚ್ಬುಡಿ. ನೀವು ಹಚ್ಚಿದ್ರಿ ಅಂತ ಗೊತ್ತಾದ್ರೆ ಸಾಕು, ಜನ ಬತ್ತಾರೆ. ಇಲ್ದಿದ್ರೆ ಬಾಗ್ಲು ಎಳ್ಕೋಬೇಕಾಯ್ತದೆ."

ಗುರುಮಲ್ಲಯ್ಯನವರು ಕರಡಿಗೆಯನ್ನು ತೆಗೆದು, ಅವನಿಗೆ ಕಾಣುವಂತೆ, ಕೈಗೆ ಎಟುಕದಂತೆ ಇಟ್ಟರು. ಹೊಸ ಯಂತ್ರದ ಮುಂದಿನ ಕುರ್ಚಿ ತೋರಿಸಿದರು.

"ಕೂತ್ಕೊ. ಮೈಕು ಹಿಡ್ಕೊ. ಪರದೆ ಮೇಲಿರೋದನ್ನ ಓದು."

ಪರದೆಯ ಮೇಲಿದ್ದದ್ದು ಗೌರಮ್ಮಣ್ಣಿಯ ಮೊದಲ ವರ್ಷದ ಪುಣ್ಯಸ್ಮರಣೆಯ ಪತ್ರಿಕೆ. ಅದನ್ನು ಭೂತಗಾಜಿನಲ್ಲಿ ನೋಡಲು ಮನಸ್ಸಾಗದೆ, ಗಟ್ಟಿಯಾಗಿ ಓದುವವರಿಲ್ಲದೆ ಅದು ಇಷ್ಟು ದಿನ ಹಾಗೆಯೇ ಕಾದಿತ್ತು. ಸೋಮೇಶ ಓದಲು ಹತ್ತಿದ. ಅವಳ ಹೆಸರು ಬಂದಲ್ಲಿ ಓದು ನಿಲ್ಲಿಸಿ ಹಳೆಯ ಯಂತ್ರದ ಕಡೆ ನೋಡಿದ.

"ಮೊದಲಿಂದ ಓದು."

ಮೊದಲಿನಿಂದ ಓದಿದ. ಕೊನೆಯ ಸಾಲು ಮುಗಿಯಿತು. ಗುರುಮಲ್ಲಯ್ಯನವರು ಹೆಡ್‌ಫೋನು ಹಾಕಿಕೊಂಡು ಆಲಿಸಿದರು. ತಪ್ಪು ಒಂದೂ ಇರಲಿಲ್ಲ. ಸಾಲು ಮುಗಿದ ಮೇಲೆ, ಅವಳ "ಸರಿಯಾಗದೆ" ಬರಬೇಕಾಗಿದ್ದ ಕಡೆ, ಸೋಮೇಶ ಮೂಗು ಎಳೆದುಕೊಂಡ ಸದ್ದು ಇತ್ತು. ಅವರು ಹೆಡ್‌ಫೋನು ತೆಗೆದಿಟ್ಟರು.

ಸೋಮೇಶ ಕರಡಿಗೆಯ ಕಡೆ ನೋಡಿದ. ಗುರುಮಲ್ಲಯ್ಯನವರು ಅದರ ಮುಚ್ಚಳ ಹಾಕಿದರು.

"ನಾಳೆ ಹಂಗಳದೋರ ಲಗ್ನಪತ್ರಿಕೆ ಅದೆ. ಬೆಳಿಗ್ಗೆ ಬಾ. ನಾಡಿದ್ದು ಇನ್ನೊಂದು ಬತ್ತದೆ. ಅದಕ್ಕೂ ಬಾ."

"ವಿಭೂತಿ ಯಾವತ್ತು ಅಯ್ನೋರೆ?"

"ಬಾ ಅಂದ್ನಲ್ಲ."

ಸೋಮೇಶ ಎದ್ದ. ಹೊರಡುವ ಮುಂಚೆ, ಅಭ್ಯಾಸಬಲದಿಂದ, ಮೌಸು ಹಿಡಿದು ಕೇಳಿದ. "ನಾ ಓದಿದ್ದು ಇದ್ರೊಳಗೆ ಉಳಿಸ್ಲಾ?"

"ಒರೆಸಾಕು," ಎಂದರು ಗುರುಮಲ್ಲಯ್ಯನವರು. "ಸುಮ್ನೆ ಜಾಗ ತಿಂತದೆ."