ಲೇಖಕಿ: ಶ್ರುತಿ, ಬಿ.ಫಾರ್ಮ್

ತಂಗಿಯ ಹೆಸರು, ಅಪ್ಪನ ಹೆಸರು, ಊರು. ಮೂರನ್ನೂ ಟೈಪ್ ಮಾಡಿ ಸೀಮಾ ಬೆರಳು ತೆಗೆದಳು. ಇವತ್ತಾದರೂ ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬಂತು. ಎಲ್ಲಕ್ಕಿಂತ ಮೇಲೆ, ಫೋಟೋ ಸಮೇತ: ಶ್ರುತಿ ಮುದಕಪ್ಪ, ಬಿ.ಫಾರ್ಮ್, ಕುಷ್ಟಗಿ. ಘಟಿಕೋತ್ಸವದ ದಿನ ಉಟ್ಟ ಹಸಿರು ಸೀರೆ, ಹಲ್ಲು ಕಾಣುವ ನಗು. ಕೆಳಗೆ ಇಂಗ್ಲಿಷಿನಲ್ಲಿ ಲೇಖನದ ಮೊದಲ ಸಾಲು. ನಿದ್ದೆ ಬಾರದ ರಾತ್ರಿಗಳಿಗಾಗಿ ನಾನು ಆರು ವರ್ಷಗಳಿಂದ ಗಾಂಜಾ ಬಳಸುತ್ತಿದ್ದೇನೆ ಎಂದು ಅದು ಹೇಳುತ್ತಿತ್ತು.

ಶ್ರುತಿ ಗಾಂಜಾ ಎಲೆಯನ್ನು ಕಂಡವಳೂ ಅಲ್ಲ. ಆ ಸಾಲು ಬರೆದವಳು ಸೀಮಾ, ಅವಳೂ ಕಂಡವಳಲ್ಲ.

ಗಂಗಾವತಿಯ ಗಂಡಿನ ಕಡೆಯವರು ಸಂಬಂಧ ಬೇಡವೆಂದು ಹೇಳಿ ಐದು ದಿನವಾಗಿತ್ತು. ಹುಡುಗ ಸಿದ್ದಲಿಂಗೇಶ ದನದ ಡಾಕ್ಟರು. ಎರಡು ಸಲ ಮನೆಗೆ ಬಂದು ಹೋಗಿದ್ದ, ಎರಡನೆಯ ಸಲ ಯಾರೂ ಕರೆಯದೆಯೇ ಬಂದಿದ್ದ. ಇಪ್ಪತ್ತೊಂಬತ್ತು ತುಂಬಿದ ಶ್ರುತಿ ಅಂದು ಅಕ್ಕನಿಗೆ ಫೋನು ಮಾಡಿ ಸುಮ್ಮನೆ ನಕ್ಕಿದ್ದಳು. ನಿಶ್ಚಿತಾರ್ಥಕ್ಕೆ ವಾರವಿರುವಾಗ ಹುಡುಗನ ಸೋದರಮಾವ ಹುಡುಗಿಯ ಹೆಸರನ್ನು ಫೋನಿನಲ್ಲಿ ಹುಡುಕಿದ. ಹಿಂದೆ ಹೆಣ್ಣಿನ ಮನೆತನದ ವಿಚಾರವನ್ನು ಓಣಿಯ ಕಿರಾಣಿ ಅಂಗಡಿಯಲ್ಲಿ ಕೇಳುತ್ತಿದ್ದರು, ಈಗ ಫೋನಿನಲ್ಲಿ ಕೇಳುತ್ತಾರೆ. ಕಿರಾಣಿ ಅಂಗಡಿಯವನಿಗಾದರೂ ಸ್ವಲ್ಪ ದಾಕ್ಷಿಣ್ಯವಿರುತ್ತಿತ್ತು.

ಕುವೈತಿನ ಖೈತಾನ್ ಬಡಾವಣೆಯ ಎರಡನೆಯ ಮಹಡಿಯ ಮನೆಯಲ್ಲಿ ಕೂತು ಸೀಮಾ ನಾಲ್ಕು ವರ್ಷದಿಂದ ಕೆನಡಾದ ಒಂದು ಗಾಂಜಾ ಅಂಗಡಿಗೆ ಲೇಖನ ಬರೆಯುತ್ತಿದ್ದಳು. ಅಲ್ಲಿ ಅದನ್ನು ಚಹಾಪುಡಿಯ ಹಾಗೆ ಅಂಗಡಿಯಲ್ಲಿಟ್ಟು ಮಾರುತ್ತಾರೆ. ಆದರೆ ಮನಸ್ಸಿಗೆ ಬಂದಲ್ಲಿ ಜಾಹೀರಾತು ಕೊಡುವಂತಿಲ್ಲ. ನಿದ್ದೆಗೆ ಏನು ಒಳ್ಳೆಯದು, ಮಂಡಿನೋವಿಗೆ ಏನು ಒಳ್ಳೆಯದು ಎಂದು ಜನ ನೆಟ್ಟಿನಲ್ಲಿ ಹುಡುಕಿದಾಗ ಅಂಗಡಿಯ ಪುಟ ಮೊದಲು ಬರಬೇಕು. ಅಂಗಡಿಗಿದ್ದ ದಾರಿ ಅದೊಂದೇ, ಸೀಮಾಳ ಕೆಲಸವೂ ಅದೊಂದೇ. ಅದರಲ್ಲಿ ಅವಳು ಗಟ್ಟಿಗಿತ್ತಿ. ಲಿಫ್ಟ್ ಟೆಕ್ನಿಶಿಯನ್ ಆದ ಗಂಡ ಅಮರೇಶನಿಗೂ ಊರಿನವರಿಗೂ ಗೊತ್ತಿದ್ದುದು ಇಷ್ಟೇ, ಯಾವುದೋ ಗಿಡಮೂಲಿಕೆ ಕಂಪನಿ.

ಹೋದ ವರ್ಷ, ಯಾವ ಪುಟ ಮೇಲೆ ಬರಬೇಕೆಂಬ ಸರ್ಚ್‌ನ ಲೆಕ್ಕಾಚಾರ ಬದಲಾಯಿತು. ಹೆಸರಿಲ್ಲದ ಲೇಖನಗಳೆಲ್ಲ ಒಂದೇ ವಾರದಲ್ಲಿ ತಳ ಸೇರಿದವು. ಬರೆದವರು ಯಾರು, ಏನು ಓದಿದ್ದಾರೆ, ಸ್ವತಃ ಬಳಸಿದ್ದಾರೆಯೇ, ಅದೆಲ್ಲ ಇದ್ದರೆ ಮಾತ್ರ ಪುಟ ಮೇಲೇಳುತ್ತದೆ ಎಂದು ಆ ಕಡೆಯ ಮ್ಯಾನೇಜರ್ ಬರೆದಳು. ಸೋಮವಾರದೊಳಗೆ ನಿಜವಾದ ಹೆಸರು, ಫೋಟೋ, ಅನುಭವ ಕೊಡಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಳು.

ತನ್ನ ಹೆಸರು ಹಾಕುವ ಮಾತೇ ಇರಲಿಲ್ಲ. ಕುವೈತಿನಲ್ಲಿ ಆ ಪದವನ್ನು ಜನ ಲಿಫ್ಟಿನಲ್ಲೂ ಬಾಯಿಬಿಟ್ಟು ಆಡುವುದಿಲ್ಲ. ಅವಳ ಇಕಾಮಾ, ಅಂದರೆ ಅಲ್ಲಿ ಇರಲು ಸರ್ಕಾರ ಕೊಡುವ ಪರವಾನಗಿ, ನಿಂತಿರುವುದು ಅಮರೇಶನ ಇಕಾಮಾದ ಮೇಲೆ. ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ಇಬ್ಬರಿಗೂ ಊರಿನ ವಿಮಾನ. ಆಗ ಶ್ರುತಿ ನೆನಪಾದಳು. ಮೆಡಿಕಲ್ ಶಾಪಿನಲ್ಲಿ ಕೆಲಸ, ಬಿ.ಫಾರ್ಮ್ ಸರ್ಟಿಫಿಕೇಟು. ಕೆನಡಾದ ಅಂಗಡಿಯ ಪುಟವನ್ನು ಕುಷ್ಟಗಿಯಲ್ಲಿ ಯಾರು ನೋಡುತ್ತಾರೆ? ಗಿಡಮೂಲಿಕೆಯ ಲೇಖನಕ್ಕೆ ನಿನ್ನ ಹೆಸರು ಹಾಕಿಕೊಳ್ಳಲೇ ಎಂದು ಕೇಳಿದಳು. ಯಾವ ಗಿಡ ಎಂದು ಶ್ರುತಿ ಕೇಳಲಿಲ್ಲ. ಅಕ್ಕ ಕೇಳಿದ್ದಾಳೆಂದು ಇದ್ದುದರಲ್ಲಿ ಒಳ್ಳೆಯ ಫೋಟೋ ಆರಿಸಿ ಕಳಿಸಿದಳು.

ಸೀಮಾ 'ನಾನು' ಎಂದು ಬರೆಯತೊಡಗಿದಳು. ಆರು ವರ್ಷದ ಅನುಭವವನ್ನು ಅಡುಗೆಮನೆಯ ಪಕ್ಕದ ಟೇಬಲ್ಲಿನಲ್ಲಿ ಕೂತು ಹುಟ್ಟಿಸಿದಳು. ಪುಟ ಮೇಲೇರಿತು, ಮ್ಯಾನೇಜರ್ ಹೊಗಳಿದಳು, ಸೀಮಾ ಹಿಗ್ಗಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಆಗ ಅವಳಿಗೆ ಹೊಳೆಯಲಿಲ್ಲ.

ಈ ಐದು ದಿನದಲ್ಲಿ ಅವಳು ಬೇಡದವರಿಲ್ಲ. ಅಂಗಡಿಯವರು ಲೇಖನ ತೆಗೆದರು, ಜೊತೆಗೆ ಅವಳನ್ನೂ ತೆಗೆದರು. ಅಷ್ಟರಲ್ಲಿ ಇಪ್ಪತ್ತೆಂಟು ಸೈಟುಗಳು ಅದನ್ನು ಫೋಟೋ ಸಮೇತ ನಕಲು ಮಾಡಿಕೊಂಡಿದ್ದವು. ಕೆಲವಕ್ಕೆ ವಿಳಾಸವೇ ಇಲ್ಲ, ವಿಳಾಸವಿದ್ದವಕ್ಕೆ ಉತ್ತರವಿಲ್ಲ. ಸರ್ಚ್ ಕಂಪನಿಗೆ ಫಾರ್ಮು ತುಂಬಿದರೆ, ಪುಟ ಇರುವವರೆಗೆ ಕಾಣಿಸುತ್ತದೆ ಎಂಬ ಎರಡು ಸಾಲಿನ ಯಂತ್ರದ ಜವಾಬು ಬಂತು. ಮೇಲೇರಿಸುವ ವಿದ್ಯೆಯೆಲ್ಲ ಅವಳಿಗೆ ಗೊತ್ತಿತ್ತು, ಇಳಿಸುವುದು ಗೊತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಹೋದದ್ದು ಬೇರೆಯವಳ ಮಾನ.

ಶುಕ್ರವಾರ ಅಮರೇಶನಿಗೆ ರಜೆ. ನೆಲದ ಮೇಲೆ ಪೇಪರು ಹಾಸಿ ಸೌತೆಕಾಯಿ ಹೆಚ್ಚುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ, ಗಂಡ ಏನಾದರೂ ಅನ್ನಲಿ, ಎಂದು ಸೀಮಾ ಬೆಳಿಗ್ಗೆಯೇ ಗಟ್ಟಿ ಮನಸ್ಸು ಮಾಡಿದ್ದಳು. ಅಷ್ಟರಲ್ಲಿ ಊರಿನಿಂದ ವಿಡಿಯೋ ಕಾಲ್ ಬಂತು. ಅಮರೇಶ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟ. ಅವ್ವ ಗುರುಸಿದ್ದವ್ವನ ಮುಖ, ಹಿಂದೆ ಗೋಡೆಗೆ ಆತು ಕೂತ ಅಪ್ಪ ಮುದಕಪ್ಪ.

"ಅವ್ವಾ, ಶ್ರುತಿದು ಏನೂ ತಪ್ಪಿಲ್ಲ. ಅದನ್ನ..." ಎಂದು ಸೀಮಾ ಶುರು ಮಾಡಿದಳು.

"ಆಕಿನಽ ಒಪ್ಪಿಕೊಂಡಾಳವಾ," ಎಂದಳು ಗುರುಸಿದ್ದವ್ವ. "ನಿನ್ನಿ ಸಂಜಿಮುಂದ ಅಪ್ಪನ ಮುಂದ ನಿಂತು ಹೇಳಿದ್ಲು. ನಾನಽ ಬರದೀನಿ, ಯಾರೂ ಬರಸಿಲ್ಲ ಅಂತ."

ಮೆಡಿಕಲ್ ಶಾಪಿನವರು ನಾಳೆಯಿಂದ ಬರಬೇಡ ಎಂದಿದ್ದರಂತೆ. ಅಪ್ಪ ಅವಳು ಬಡಿಸಿದ್ದನ್ನು ಉಣ್ಣುತ್ತಿಲ್ಲವಂತೆ. ನೀನು ದೊಡ್ಡವಳು, ಆಕೆ ಯಾರ ಮಾತನ್ನಾದರೂ ಕೇಳಿದರೆ ನಿನ್ನದನ್ನೇ ಕೇಳುವುದು, ನಾಲ್ಕು ಮಾತು ಬುದ್ಧಿ ಹೇಳು ಎಂದು ಗುರುಸಿದ್ದವ್ವ ಫೋನನ್ನು ಶ್ರುತಿಯ ಕೈಗೆ ಕೊಟ್ಟಳು.

ಅಮರೇಶ ಚಾಕು ಕೆಳಗಿಟ್ಟ. "ಹೇಳು," ಎಂದ. "ಇಲ್ಲಿ ಇದ್ದು ಯಾರರ ಹಿಂಗ ಬರದಿದ್ರ ಏನಾಗತಿತ್ತು ಅಂತ ಆಕಿಗೂ ಗೊತ್ತಾಗಲಿ. ಗಂಡ ಹೆಂಡ್ತಿ ಇಬ್ಬರನೂ ಒಯ್ದು ಒಳಗ ಹಾಕ್ತಿದ್ರು."

ಶ್ರುತಿ ಮೊದಲು ಅಕ್ಕನನ್ನು ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಭಾವನನ್ನು. ಮತ್ತೆ ಅಕ್ಕನನ್ನು ನೋಡಿ, ಬೇರೆ ಯಾರಿಗೂ ತಿಳಿಯದಷ್ಟು ಸಣ್ಣಗೆ, ಬೇಡವೆಂದು ತಲೆ ಆಡಿಸಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು, ಕುವೈತಿನ ಜೈಲಿನ ಮಾತೂ ಸೇರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಎಮ್ಮೆ ತಾನೇ ಬಂದು ನಿಂತಿತ್ತು.

ಹೇಳಿಬಿಡಲು ಆಗಲೂ ಒಂದು ಕ್ಷಣ ಇತ್ತು. ಸೀಮಾ ಗಂಡನ ಮುಖ ನೋಡಿದಳು. ಆ ಕ್ಷಣ ಹೋಯಿತು.

"ಇದಕ್ಕೇನ ನಿನ್ನ ಓದಿಸಿದ್ದು?" ಎಂದಳು. "ನಾಲಿಗಿ ಮ್ಯಾಲ ಬರಬಾರದ್ದನ್ನ ಹೆಸರು ಹಾಕಿ ಬರದೀಯಲ್ಲ. ಬರಿಯೂ ಮುಂದ ಅಪ್ಪನ ಮಾರಿ ನೆನಪಾಗಲಿಲ್ಲೇನ? ನಾಚಿಕಿ ಆಗಬೇಕು ನಿನಗ."

ಮಾತು ತಡವರಿಸದೆ ಬಂತು. ಬೇರೆಯವರ ಬಾಯಾಗಿ ಬರೆದು ರೂಢಿಯಾಗಿದ್ದ ಅವಳಿಗೆ ಒಂದು ಪದಕ್ಕೂ ಹುಡುಕಾಡಬೇಕಾಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಇನ್ನೆರಡು ಮಾತು ಆಡಿದಳು. ಅಮರೇಶ ಹೌದೆಂಬಂತೆ ತಲೆ ತೂಗಿದ.

"ತಪ್ಪಾತು ಅಕ್ಕಾ," ಎಂದಳು ಶ್ರುತಿ. "ಇನ್ನ ಬರಿಯಂಗಿಲ್ಲ."

ಗುರುಸಿದ್ದವ್ವ ಫೋನು ಇಸಿದುಕೊಂಡು ಕಣ್ಣೊರೆಸಿಕೊಂಡಳು. ನೀನಾದರೂ ನಮ್ಮ ಹೆಸರು ಉಳಿಸಿದೆ ಎಂದಳು. ನಿಮ್ಮದು ಊಟವಾಯಿತೇ, ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದಳು. ಅಮರೇಶನೇ ಉತ್ತರ ಕೊಟ್ಟ. ಅವ್ವನ ಹೆಗಲ ಹಿಂದೆ ಶ್ರುತಿ ಚಾಪೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸತೊಡಗಿದ್ದಳು. ಮುದಕಪ್ಪ ಎದ್ದ. ಬಾಗಿಲು ಅವಳ ಆಚೆಗಿತ್ತು. ಅವನು ಆ ಚಾಪೆಯ ಅಂಚನ್ನೂ ತುಳಿಯದೆ, ಗೋಡೆಗುಂಟ ಸುತ್ತು ಹಾಕಿಕೊಂಡು ಹೊರಗೆ ಹೋದ.