ಖೋ ಅನ್ನೋಗಂಟ

"ಅಂಗಲ್ಲ ಕಣ್ಲಾ! ಕೋಚು ಅಂದ್ರೆ ಇಂಗೆ ಬೆಪ್ಪನಂಗೆ ನಿಂತ್ಕತಾನಾ? ತತ್ತಾ ಇಲ್ಲಿ," ಎನ್ನುತ್ತ ನಟರಾಜು ಮೇಷ್ಟ್ರು, ಕೋಚ್ ಪಾತ್ರ ಮಾಡುತ್ತಿದ್ದ ರಂಗರಾಜುವಿನ ಕೊರಳಿಂದ ವಿಷಲ್ ಕಿತ್ತುಕೊಂಡು ತಾವೇ ಕ್ಯಾಮೆರಾದ ಮುಂದೆ ಬಂದು ನಿಂತರು.

ಕ್ಯಾಮೆರಾದ ಹಿಂದಿದ್ದ ದೀಪ ಬೆಚ್ಚಿದಳು. ಕೊಳ್ಳೇಗಾಲದ ಕಾಲೇಜಿಗೆ ಅವಳು ಒಪ್ಪಿಸಬೇಕಾದ ಎಂಟು ನಿಮಿಷದ ಕಿರುಚಿತ್ರ ಅದು. ಕುಂತೂರಿನ ಮೈದಾನ ಕೇಳಲು ಹೋದಾಗ ಮೇಷ್ಟ್ರಿಗೆ "ಗುರು-ಶಿಷ್ಯರ ಬಗ್ಗೆ ಸಾ" ಎಂದಷ್ಟೇ ಹೇಳಿದ್ದಳು. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಊರಿನ ಹುಡುಗಿಯರಿಗೆ ಹದಿನೈದು ವರ್ಷದಿಂದ ಖೋ-ಖೋ ಕಲಿಸುತ್ತಿದ್ದ ಈ ಮೇಷ್ಟ್ರ ಕಥೆಯನ್ನೇ ಅವಳು ಬರೆದಿದ್ದಳು. ಪುಣ್ಯಾತ್ಮ, ತಮ್ಮ ಪಾತ್ರವನ್ನು ತಾವೇ ಮಾಡಲು ಬಂದಿದ್ದರು!

"ಸೀನ್ ಏನಮ್ಮ?"

"ಉಡುಗಿ ಪ್ರಾಕ್ಟೀಸ್‌ಗೆ ತಡವಾಗಿ ಬತ್ತಾಳೆ ಸಾ. ಕೋಚು ಶಿಕ್ಷೆ ಕೊಡ್ತಾರೆ."

"ಅಷ್ಟೇ ತಾನೆ? ಲೇ ಪುಷ್ಪ, ಕೂತ್ಕೊ ಚೌಕದಲ್ಲಿ. ನಾ ಖೋ ಅನ್ನೋಗಂಟ ಎದ್ದೀಯಾ!"

ಆ ಹುಡುಗಿಯ ಪಾತ್ರ ಮಾಡುತ್ತಿದ್ದ, ಮೇಷ್ಟ್ರ ತಂಡದ್ದೇ ಆಟಗಾರ್ತಿ ಪುಷ್ಪ ತುದಿಗಾಲ ಮೇಲೆ ಕುಕ್ಕರಿಸಿ ಎರಡೂ ಅಂಗೈ ಮಣ್ಣಿಗೂರಿದಳು. ಹಿಂದಿನಿಂದ ಯಾರಾದರೂ ಖೋ ಎನ್ನದೆ ಏಳಬಾರದು, ಎದ್ದರೆ ಫೌಲ್. ಅದು ಆಟದ ನಿಯಮ. ಆ ನಿಯಮವನ್ನೇ ಶಿಕ್ಷೆ ಮಾಡಿಕೊಂಡದ್ದು ಮೇಷ್ಟ್ರ ಜಾಣತನ. ಅವರು ಖೋ ಅನ್ನುವವರೆಗೆ ಮೈದಾನದಂಚಿನ ನಲ್ಲಿಯ ನೀರೂ ಇಲ್ಲ. ಮೂರು ವರ್ಷದಲ್ಲಿ ಎಷ್ಟು ಸಲ ಹೀಗೆ ಕೂತಿದ್ದಳೋ ಪುಷ್ಪಳಿಗೇ ನೆನಪಿಲ್ಲ. ರಾಜ್ಯ ತಂಡದ ಆಯ್ಕೆಗೆ ಹೆಸರು ಕಳಿಸುವವರು ಅವರೇ, ಅದೂ ಬರುವ ಸೋಮವಾರ. ಹಾಗಾಗಿ ಮನೆಯಲ್ಲೂ ಬಾಯಿ ಬಿಡದೆ ದೀಪಳೊಬ್ಬಳ ಹತ್ತಿರ ಹೇಳಿಕೊಂಡಿದ್ದಳು.

ಕ್ಯಾಮೆರಾ ಓಡಿತು. ಕಬ್ಬಿನ ಟ್ರ್ಯಾಕ್ಟರೊಂದು ಜೋರಾಗಿ ಹಾಡು ಹಾಕಿಕೊಂಡು ರಸ್ತೆಯಲ್ಲಿ ಹಾದುಹೋಯಿತು. ಐದು ನಿಮಿಷವಾಯಿತು. ಮೇಷ್ಟ್ರಿಗೆ ಫೋನ್ ಬಂತು; ಮಾತಾಡುತ್ತ, ನಗುತ್ತ ಬೇವಿನ ನೆರಳಿಗೆ ಸರಿದುಬಿಟ್ಟರು. ಇದು ನಟನೆಯೋ ರೂಢಿಯೋ ದೀಪಳಿಗೆ ತಿಳಿಯಲಿಲ್ಲ. ಬಿಸಿಲಲ್ಲಿ ಪುಷ್ಪಳ ತೊಡೆ ನಡುಗುತ್ತಿತ್ತು.

"ಕಟ್! ಸಾಕು ಪುಷ್ಪ, ಏಳಮ್ಮಿ," ಎಂದಳು ದೀಪ.

ಪುಷ್ಪ ಅಲುಗಲಿಲ್ಲ. "ಸಾರು ಇನ್ನೂವೆ ಖೋ ಅಂದಿಲ್ಲ ಕಣಕ್ಕ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತೇನೋ. ನೆಲ ನೋಡುತ್ತಿದ್ದವಳು ಮೆಲ್ಲಗೆ ತಲೆ ಎತ್ತಿ ಬೇವಿನ ಮರದ ಕಡೆ ನೋಡಿದಳು. ಮೇಷ್ಟ್ರು ಇನ್ನೂ ನಗುತ್ತಲೇ ಇದ್ದರು. ಪುಷ್ಪ ಎದ್ದು ನಿಂತಳು. ಯಾರೂ ಖೋ ಅಂದಿರಲಿಲ್ಲ.

ಇಷ್ಟು ದೊಡ್ಡ ಕೆಲಸವನ್ನು ಒಬ್ಬರು ಇಷ್ಟು ಸದ್ದಿಲ್ಲದೆ ಮಾಡಿದ್ದನ್ನು ದೀಪ ಎಂದೂ ಕಂಡಿರಲಿಲ್ಲ. ಅವಳು ತಿದ್ದಿ ತಿದ್ದಿ ಬರೆದಿದ್ದ ಕೊನೆಯಲ್ಲಿ ಕೋಚ್ ಪಶ್ಚಾತ್ತಾಪಪಟ್ಟು ತಾನೇ ಬಂದು ಖೋ ಅನ್ನುತ್ತಿದ್ದ. ಎಂಥ ಪೆದ್ದು ಬರವಣಿಗೆ! ಕ್ಯಾಮೆರಾ ನಿಲ್ಲಿಸುವುದನ್ನೂ ಮರೆತು ನಿಂತಿದ್ದಳು.

ಮೇಷ್ಟ್ರು ಫೋನನ್ನು ಕಿವಿಯಿಂದ ತೆಗೆದರು. "ಯಾರಮ್ಮಿ ನಿನ್ನ ಏಳು ಅಂದವ್ರು? ಸೋಮವಾರ ಗ್ಯಾಪಕ ಅದಾ?"

"ಅದೆ ಸಾ," ಎಂದಳು ಪುಷ್ಪ. "ಫೌಲ್ ಅಂತ ಬರ್ಕಳಿ."

ಮೇಷ್ಟ್ರು ವಿಷಲ್ಲನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ. ಪುಷ್ಪ ಜೋಮು ಹಿಡಿದ ಕಾಲೆಳೆಯುತ್ತ ಮೈದಾನ ದಾಟಿ ನಲ್ಲಿ ತಿರುಗಿಸಿದಳು. ಬೊಗಸೆಯೊಡ್ಡಿ ಕುಡಿದಳು. ಮುಖ ತೊಳೆದುಕೊಂಡಳು. ಮತ್ತೆ ಬಗ್ಗಿ, ನಿಧಾನವಾಗಿ, ಸಾಕೆನಿಸುವಷ್ಟು ಕುಡಿದಳು.