ಅಳಿಸಿದ ಎರಡನೇ ಶಿಖರ

ಮೈಸೂರಿನ ಸೀತಾರಾಮ ಮುಂಬಯಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ರೇಡಿಯೊ ಖಗೋಳ ವಿಜ್ಞಾನಿ, ಮನೆ ಸಯನ್‌ನಲ್ಲಿ. ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ನಕ್ಷತ್ರಗಳು ಹುಟ್ಟುವಾಗ ಅವುಗಳ ಸುತ್ತ ಅನಿಲದ ತಟ್ಟೆ ತಿರುಗುತ್ತಿರುತ್ತದೆಯೇ ಎಂಬುದು ಆಗಿನ್ನೂ ಖಚಿತವಿರಲಿಲ್ಲ. ೧೯೮೮ರಲ್ಲಿ ಹೊರದೇಶದ ರೇಡಿಯೊ ದೂರದರ್ಶಕದಿಂದ ಟೇಪಿನಲ್ಲಿ ಬಂದ ಮಾಹಿತಿಯಲ್ಲಿ ಅವನಿಗೆ ಅಂಥದೊಂದು ತಟ್ಟೆ ಕಂಡಿತು. ಉದ್ದನೆಯ ಮೋಡ, ಒಂದು ಬದಿ ನಮ್ಮತ್ತ ಬರುತ್ತಿತ್ತು, ಇನ್ನೊಂದು ದೂರ ಸರಿಯುತ್ತಿತ್ತು, ಅಂದರೆ ಅದು ತಿರುಗುತ್ತಿತ್ತು.

ಅದರ ನಕ್ಷೆ ಬಿಡಿಸುತ್ತಿದ್ದ ಸಹಾಯಕಿ ವನಮಾಲಾ ಅನುಮಾನಿಸಿದಳು. “ಸರ್, ಇಲ್ಲಿ ಹೊಳಪಿನ ಎರಡು ಶಿಖರ ಅಲಗ್ ಅಲಗ್, ಬೇರೆ ಬೇರೆಯಾಗಿ ಕಾಣ್ತಿವೆ. ತಟ್ಟೆ ಅಲ್ಲ, ಎರಡು ನಕ್ಷತ್ರ ಇರಬಹುದಾ?”

“ಅದು ಬರೀ ಸಿಗ್ನಲ್ಲಿನ ಗದ್ದಲ. ಸ್ಮೂತ್ ಮಾಡಿ.”

ಅವಳು ಮತ್ತೊಮ್ಮೆ ಹೇಳಿದಳು. ಅವನು ತಲೆಯೆತ್ತಲಿಲ್ಲ. “ನೀವು ಬಿಡಿಸಿ, ಅರ್ಥ ನಾನು ಹೇಳ್ತೀನಿ.”

ಅವಳು ರಬ್ಬರ್ ತೆಗೆದುಕೊಂಡಳು.

ಲೇಖನ ಅಚ್ಚಾಯಿತು, ಅವನಿಗೆ ಹೆಸರೂ ಬಂತು. ಎರಡು ವರ್ಷದ ಮೇಲೆ ಬೇರೊಂದು ತಂಡ ಇನ್ನೂ ಸೂಕ್ಷ್ಮವಾಗಿ ನೋಡಿ, ಅಲ್ಲಿರುವುದು ಬೇರೆ ಬೇರೆ ವೇಗದ ಎರಡು ಎಳೆಯ ನಕ್ಷತ್ರಗಳೆಂದು ತೋರಿಸಿತು. ಬುಧವಾರದ ಸೆಮಿನಾರಿನಲ್ಲಿ ಹಿರಿಯರಾದ ರಾಮಸ್ವಾಮಿ ಮೆಲ್ಲಗೆ ಕೇಳಿದರು: “ನಿಮ್ಮ ಮಾಹಿತಿಯಲ್ಲಿ ಇದರ ಸುಳಿವೇ ಇರಲಿಲ್ವೇ?”

“ನಕ್ಷೆ ಮಾಡಿದ್ದು ಅಸಿಸ್ಟೆಂಟು. ಅಲ್ಲೇನೋ ಹೆಚ್ಚುಕಮ್ಮಿ ಆಗಿರಬೇಕು.”

ಮಾತು ಬಾಯಿಂದ ಬಿದ್ದ ಮೇಲೆ ಸೀತಾರಾಮನಿಗೆ ಹಿಂದಿನ ಸಾಲಿನಲ್ಲಿ ವನಮಾಲಾ ಕಂಡಳು. ಅವಳು ಪೆನ್ನಿನ ಮುಚ್ಚಳ ಹಾಕಿ, ಎದ್ದು ಹೊರಗೆ ಹೋದಳು. ಮರುದಿನ ಕೆಲಸಕ್ಕೆ ಬರಲಿಲ್ಲ, ಶುಕ್ರವಾರವೂ ಇಲ್ಲ.

ಭಾನುವಾರ ಅವನು ಬಸ್ಸು ಹಿಡಿದು ವಡಾಲದ ಅವಳ ಮನೆಗೆ ಹೋದ. ಅವಳ ತಾಯಿ ಕಸ್ತೂರಿಬಾಯಿ ಕುರ್ಚಿ ಒರೆಸಿ ಕೊಟ್ಟರು, ವನಮಾಲಾ ಚಹಾ ತಂದಿಟ್ಟಳು. “ನಿಮ್ಮ ತಟ್ಟೆಯ ಸುದ್ದಿ ಇವಳು ಬಿಲ್ಡಿಂಗಿಗೆಲ್ಲ ಹೇಳಿದಾಳೆ. ನಮ್ಮ ಸರ್ ಕಂಡುಹಿಡಿದ್ರು ಅಂತ.”

ಅವನು ಚಹಾದ ಲೋಟ ಕೆಳಗಿಟ್ಟ. “ಇವರು ಆಗಲೇ ಸರಿಯಾಗಿ ಹೇಳಿದ್ರು. ನಾನೇ ಅದನ್ನ ಅಳಿಸೋಕೆ ಹೇಳಿದೆ. ಆಮೇಲೆ ತಪ್ಪನ್ನ ಇವರ ಮೇಲೆ ಹಾಕಿದೆ,” ಎಂದ, ನೆಲ ನೋಡುತ್ತ.

ತಾಯಿ ಮಗಳ ಮುಖ ನೋಡಿದರು. ಈ ವಿಷಯ ಅವರಿಗೆ ತಿಳಿದೇ ಇರಲಿಲ್ಲ.

“ನಂಗೆ ಹೇಳೋದ್ಯಾಕೆ ಸರ್?” ಎಂದಳು ವನಮಾಲಾ. “ನಂಗೆ ಗೊತ್ತಿದೆ. ಅಲ್ಲಿ ಕೂತಿದ್ದವರಿಗೆ ಹೇಳಿ.”

ಮುಂದಿನ ಬುಧವಾರ ಅದೇ ಕೋಣೆಯಲ್ಲಿ ಎದ್ದು ನಿಂತು, ಅವಳ ಹೆಸರು ಹಿಡಿದು, ಎಲ್ಲವನ್ನೂ ಹೇಳಿದ. ಲೇಖನ ಅಚ್ಚಾಗಿದ್ದ ಪತ್ರಿಕೆಗೂ ತಿದ್ದುಪಡಿ ಕಳಿಸಿದ. ರಾಮಸ್ವಾಮಿ ತಲೆಯಾಡಿಸಿದರಷ್ಟೆ.

ವನಮಾಲಾ ತಾನಾಗಿಯೇ ಕೇಳಿಕೊಂಡು ಬೇರೆ ವಿಭಾಗಕ್ಕೆ ಹೋದಳು. ಲಿಫ್ಟಿನಲ್ಲಿ ಸಿಕ್ಕರೆ ಈಗಲೂ “ನಮಸ್ತೆ ಸರ್” ಅನ್ನುತ್ತಾಳೆ. ಅವನು ಉತ್ತರಿಸುತ್ತಾನೆ, ಆದರೆ ತನ್ನ ಮಹಡಿ ಬರುವವರೆಗೂ ಅವಳ ಕಡೆ ನೋಡಲಾರ.